ಗುಳಿಗೆ ಕೊಟ್ಟರಷ್ಟೇ ಸಾಲದು

ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬಂದ ಹಿರಿಯರನ್ನು ಎರಡು ಮೂರು ವಾರಗಳೊಳಗೆ ಪುನಃ ಅದೇ ಆಸ್ಪತ್ರೆಗೆ ಹೊತ್ತೊಯ್ಯಬೇಕಾಗಿ ಬರುವುದು ನಮ್ಮ ಕಡೆಯ ಮನೆಗಳಲ್ಲಿ ಅಪರೂಪದ ಸಂಗತಿಯೇನಲ್ಲ. ಮನೆಯವರು ಅದನ್ನು ಕಾಯಿಲೆ ಮರುಕಳಿಸಿತು ಎನ್ನುತ್ತಾರೆ. ಪ್ರಾಯದ ದೋಷ ಎನ್ನುವವರಿದ್ದಾರೆ. ಗ್ರಹಚಾರವೆಂದು ಜೋಯಿಸರಲ್ಲಿಗೆ ಹೋಗುವವರಿಗೂ ಕೊರತೆಯಿಲ್ಲ. ಆದರೆ ಹೀಗೆ ಮರಳಿ ಹೋಗುವವರಲ್ಲಿ ಒಂದು ಪಾಲು ಜನರನ್ನು ಮಲಗಿಸಿದ್ದು ಕಾಯಿಲೆಯಲ್ಲ, ಕಾಯಿಲೆಗೆಂದು ಕೊಟ್ಟ ಮದ್ದೇ ಎಂಬ ಮಾತನ್ನು ನಾವು ಬಹಳ ಕಡಿಮೆ ಆಡುತ್ತೇವೆ. ಮದ್ದು ಕೆಟ್ಟದೆಂದಾಗಲಿ, ಬರೆದ ವೈದ್ಯರು ತಪ್ಪಿದರೆಂದಾಗಲಿ ಇದರ ಅರ್ಥವಲ್ಲ. ಸರಿಯಾದ ಮದ್ದನ್ನು ಸರಿಯಾದ ರೀತಿಯಲ್ಲಿ ತೆಗೆದುಕೊಳ್ಳುವುದು ಹೇಗೆಂದು ಆ ಹಿರಿಯರಿಗೆ ಅರ್ಥವಾಗುವಂತೆ ಯಾರೂ ಹೇಳಿರುವುದಿಲ್ಲ, ಅಷ್ಟೆ.

ಚಿತ್ರ ಎಲ್ಲರಿಗೂ ಪರಿಚಿತವಾದುದು. ಎಪ್ಪತ್ತು ದಾಟಿದ ಅಮ್ಮ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೊಣಕಾಲು ನೋವು ಮೂರೂ ಇವೆ. ಎದೆಯಲ್ಲಿ ಉಬ್ಬಸವೆಂದು ಮಂಗಳೂರಿನ ಆಸ್ಪತ್ರೆಯಲ್ಲಿ ಒಂದು ವಾರವಿದ್ದು ಬಂದಿದ್ದಾರೆ. ಬಿಡುಗಡೆಯ ದಿನ ಮಗನ ಕೈಗೆ ನಾಲ್ಕು ಪುಟಗಳ ಇಂಗ್ಲಿಷ್ ಕಾಗದ, ಒಂದು ಚೀಲ ಗುಳಿಗೆ, ಒಂದು ದೊಡ್ಡ ಬಿಲ್ಲು. ಮಗನಿಗೆ ಬಿಲ್ಲಿನ ಚಿಂತೆ, ವಾಹನದವನಿಗೆ ತಡವಾಯಿತೆಂಬ ಚಿಂತೆ. ಮನೆಯಲ್ಲಿ ಕಪಾಟಿನ ಮೇಲೆ ಹಳೆಯ ಬಿಸ್ಕಿಟ್ ಡಬ್ಬಿ. ಅದರ ತುಂಬ ಮೊದಲಿನ ಗುಳಿಗೆಗಳು. ಹೊಸ ಚೀಲದಲ್ಲಿ ರಕ್ತದೊತ್ತಡಕ್ಕೆಂದು ಕೊಟ್ಟದ್ದೂ ಡಬ್ಬಿಯಲ್ಲಿದ್ದದ್ದೂ ಒಂದೇ ಔಷಧ, ಆದರೆ ಕಂಪೆನಿ ಬೇರೆ, ಹೆಸರು ಬೇರೆ, ಬಣ್ಣ ಬೇರೆ. ದುಡ್ಡು ಕೊಟ್ಟು ತಂದದ್ದನ್ನು ಎಸೆಯಲು ಮನಸ್ಸಿಲ್ಲದ ಅಮ್ಮ ಎರಡನ್ನೂ ನುಂಗುತ್ತಾರೆ. ಮೊಣಕಾಲು ನೋವಿಗೆ ಪೇಟೆಯ ಅಂಗಡಿಯಿಂದ ತರಿಸಿದ ನೋವಿನ ಗುಳಿಗೆಯೂ ನಡುವೆ ಸೇರುತ್ತದೆ. ಹದಿನೈದನೆಯ ದಿನ ಬಚ್ಚಲಿಗೆ ಹೋದವರು ತಲೆ ಸುತ್ತಿ ಬೀಳುತ್ತಾರೆ. ಸೊಂಟದ ಮೂಳೆ ಮುರಿದರೆ ಕಥೆಯೇ ಬೇರೆಯಾಯಿತು. ಮುರಿಯದಿದ್ದರೂ ಪುನಃ ಮಂಗಳೂರು, ಪುನಃ ಬಿಲ್ಲು. ಇದು ಯಾವುದೋ ಒಂದು ಮನೆಯ ಕಥೆಯಲ್ಲ. ಹತ್ತು ಮನೆಗಳಲ್ಲಿ ನಡೆಯುವುದನ್ನು ಒಂದಾಗಿ ಹೇಳಿದ್ದೇವೆ.

ಇದು ನಮ್ಮ ಊರಿನ ಅಜ್ಞಾನದಿಂದ ಆಗುವಂಥದ್ದು ಎಂದು ಯಾರೂ ಹಗುರವಾಗಿ ಭಾವಿಸಬೇಕಾಗಿಲ್ಲ. ಇಂಗ್ಲೆಂಡಿನ ಎರಡು ಆಸ್ಪತ್ರೆಗಳಲ್ಲಿ ದಾಖಲಾದ 18,820 ರೋಗಿಗಳನ್ನು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಆರೂವರೆಯಷ್ಟು ದಾಖಲಾತಿಗಳಿಗೆ ಔಷಧದ ದುಷ್ಪರಿಣಾಮದ ಸಂಬಂಧ ಕಂಡುಬಂದಿತ್ತು. ಅವುಗಳಲ್ಲಿ ಹೆಚ್ಚಿನವು ತಪ್ಪಿಸಬಹುದಾಗಿದ್ದವು ಎಂದು ಪರಿಶೀಲಕರೇ ಬರೆದರು. ಕಾರಣವಾದ ಮದ್ದುಗಳಾದರೂ ಯಾವುವು? ದೂರದ ದೇಶದ ವಿಚಿತ್ರ ಔಷಧಗಳಲ್ಲ. ಆಸ್ಪಿರಿನ್, ಮೂತ್ರ ಹೋಗುವಂತೆ ಮಾಡುವ ಗುಳಿಗೆ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ನೋವಿನ ಗುಳಿಗೆ. ನಮ್ಮ ಬಿಸ್ಕಿಟ್ ಡಬ್ಬಿಯಲ್ಲಿ ಇರುವವೂ ಇವೇ. ಅಮೇರಿಕದಲ್ಲಿ 65 ದಾಟಿದವರ ಬಗ್ಗೆ 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಮತ್ತೂ ಸ್ಪಷ್ಟ. ಔಷಧದ ದೆಸೆಯಿಂದ ತುರ್ತಾಗಿ ಆಸ್ಪತ್ರೆ ಸೇರಿದ ಹಿರಿಯರಲ್ಲಿ ಮೂರರಲ್ಲಿ ಎರಡು ಪಾಲಿನವರಿಗೆ ತೊಂದರೆ ಬಂದದ್ದು ವಾರ್ಫರಿನ್, ಇನ್ಸುಲಿನ್, ರಕ್ತ ತೆಳುಮಾಡುವ ಆಸ್ಪಿರಿನ್ ಬಗೆಯ ಗುಳಿಗೆ, ಸಕ್ಕರೆ ಇಳಿಸುವ ಗುಳಿಗೆ ಎಂಬ ನಾಲ್ಕೇ ಬಗೆಯಿಂದ. ಈ ನಾಲ್ಕರಲ್ಲಿ ಒಂದಾದರೂ ಇಲ್ಲದ ಹಿರಿಯರ ಮನೆ ಕುಂಬಳೆಯಿಂದ ಅಡೂರಿನವರೆಗೆ ಎಷ್ಟಿದ್ದೀತು?

ವಿಶ್ವ ಆರೋಗ್ಯ ಸಂಸ್ಥೆಯು 2017ರಲ್ಲಿ, ಔಷಧದಿಂದ ಹಾನಿಯಾಗದಂತೆ ನೋಡಿಕೊಳ್ಳಬೇಕೆಂದು ಲೋಕಕ್ಕೆಲ್ಲ ಕರೆಕೊಟ್ಟಿತು. ಔಷಧ ಸಂಬಂಧವಾದ ತಪ್ಪುಗಳಿಗೆ ಪ್ರಪಂಚ ವರ್ಷಕ್ಕೆ 4,200 ಕೋಟಿ ಡಾಲರುಗಳಷ್ಟು ತೆರುತ್ತಿದೆಯೆಂಬುದು ಅದರ ಅಂದಾಜು. ಅಷ್ಟು ದೊಡ್ಡ ಲೆಕ್ಕ ನಮ್ಮ ಅಳವಿಗೆ ನಿಲುಕುವಂಥದ್ದಲ್ಲ. ನಮ್ಮ ಲೆಕ್ಕ ಅಡಿಕೆ ಮಾರಿದ ದುಡ್ಡಿನದು, ಬೀಡಿ ಕಟ್ಟಿ ಉಳಿಸಿದ ದುಡ್ಡಿನದು, ಗಲ್ಫಿನಿಂದ ಮಗ ಕಳುಹಿಸಿದ ದುಡ್ಡಿನದು. ಒಂದು ಬಾರಿಯ ಆಸ್ಪತ್ರೆ ಖರ್ಚನ್ನು ಹೇಗೋ ತಾಳಿಕೊಂಡ ಮನೆ ಮೂರು ವಾರದಲ್ಲಿ ಬರುವ ಎರಡನೆಯ ಖರ್ಚಿಗೆ ಮಗ್ಗುಲು ಮುರಿದುಕೊಳ್ಳುತ್ತದೆ.

ಇಲ್ಲಿಯೇ ಫಾರ್ಮಸಿಸ್ಟರ ಮಾತು ಬರುತ್ತದೆ. ನಮ್ಮಲ್ಲಿ ಅವರನ್ನು ಇಂದಿಗೂ ‘ಮದ್ದು ಕೊಡುವವರು’ ಎಂದೇ ತಿಳಿಯುತ್ತಾರೆ. ಹಳಬರ ಬಾಯಲ್ಲಿ ಅವರು ಇನ್ನೂ ಕಂಪೌಂಡರೇ. ಕಿಟಿಕಿಯೊಳಗಿನಿಂದ ಕೈ ಚಾಚಿ ಪೊಟ್ಟಣ ಕೊಟ್ಟು, ‘ಇದು ಬೆಳಿಗ್ಗೆ, ಇದು ರಾತ್ರಿ’ ಎಂದು ಹೇಳುವಷ್ಟರಲ್ಲಿ ಹಿಂದಿನವನು ತನ್ನ ಚೀಟಿಯನ್ನು ಮುಂದಕ್ಕೆ ತೂರಿರುತ್ತಾನೆ. ಕಾನೂನು ಮಾತ್ರ ಅವರಿಂದ ಇದಕ್ಕಿಂತ ಬಹಳ ಹೆಚ್ಚಿನದನ್ನು ನಿರೀಕ್ಷಿಸುತ್ತದೆ. 1948ರ ಫಾರ್ಮಸಿ ಕಾಯಿದೆಯ ಅಡಿಯಲ್ಲಿ 2015ರಲ್ಲಿ ಹೊರಟ ಫಾರ್ಮಸಿ ವೃತ್ತಿ ನಿಯಮಗಳು, ನೋಂದಾಯಿತ ಫಾರ್ಮಸಿಸ್ಟರು ರೋಗಿಗೆ ತಿಳಿಹೇಳಬೇಕಾದ ವಿಷಯಗಳ ಒಂದು ಉದ್ದನೆಯ ಪಟ್ಟಿಯನ್ನೇ ಕೊಟ್ಟಿವೆ. ಮದ್ದಿನ ಹೆಸರು, ಅದು ಯಾವುದಕ್ಕಾಗಿ, ಎಷ್ಟು, ಎಷ್ಟು ದಿನ, ಸಾಮಾನ್ಯವಾಗಿ ಬರಬಹುದಾದ ತೊಂದರೆ, ಬೇರೆ ಮದ್ದಿನ ಜತೆ ಅಥವಾ ಆಹಾರದ ಜತೆ ಆಗಬಹುದಾದ ಘರ್ಷಣೆ, ಇಟ್ಟುಕೊಳ್ಳುವ ಕ್ರಮ, ಒಂದು ಹೊತ್ತು ಮರೆತುಹೋದರೆ ಏನು ಮಾಡಬೇಕು ಎಂಬುದೂ ಅದರಲ್ಲಿದೆ. ನಿಯಮ ಬಂದು ಹತ್ತು ವರ್ಷ ದಾಟಿತು. ನಮ್ಮ ಓದುಗರಲ್ಲಿ ಎಷ್ಟು ಮಂದಿಗೆ ಈ ಉಪದೇಶದ ಅರ್ಧದಷ್ಟಾದರೂ ದೊರೆತಿದೆ ಎಂದು ಕೇಳಿದರೆ, ಉತ್ತರ ಏನೆಂದು ಫಾರ್ಮಸಿಸ್ಟರಿಗೂ ಗೊತ್ತು.

ಈ ವಿದ್ಯೆ ನಮಗೆ ಹೊಸತೂ ಅಲ್ಲ, ದೂರದ್ದೂ ಅಲ್ಲ. ಫಾರ್ಮಸಿಸ್ಟರು ಔಷಧಾಲಯದ ಕಿಟಿಕಿಯಿಂದ ಹೊರಬಂದು ವಾರ್ಡಿನಲ್ಲಿ ವೈದ್ಯರ ಜತೆ ನಿಂತು, ರೋಗಿಯ ಚೀಟಿಯನ್ನು ಪರಿಶೀಲಿಸುವ ಕ್ರಮವನ್ನು ಕನ್ನಡ ನಾಡಿನಲ್ಲಿ ಬೆಳೆಸಿದ ಕೀರ್ತಿ ಬಹುಮಟ್ಟಿಗೆ ಮೈಸೂರಿನ ಜೆ.ಎಸ್.ಎಸ್. ಫಾರ್ಮಸಿ ಕಾಲೇಜಿಗೆ ಸಲ್ಲಬೇಕು. 1990ರ ದಶಕದಲ್ಲಿ ಆಸ್ಟ್ರೇಲಿಯದ ತಜ್ಞರ ನೆರವಿನಿಂದ ಅಲ್ಲಿ ಇದರ ಸ್ನಾತಕೋತ್ತರ ವ್ಯಾಸಂಗ ಆರಂಭವಾಯಿತು. 2008ರಿಂದ ಆರು ವರ್ಷಗಳ ಫಾರ್ಮ್-ಡಿ ಪದವಿ ದೇಶದಲ್ಲೆಲ್ಲ ಬಂತು. ಮಂಗಳೂರು, ದೇರಳಕಟ್ಟೆ, ಮಣಿಪಾಲಗಳ ಫಾರ್ಮಸಿ ಕಾಲೇಜುಗಳಲ್ಲಿ ನಮ್ಮ ಜಿಲ್ಲೆಯ ಮಕ್ಕಳೇ ಎಷ್ಟೋ ಮಂದಿ ಓದಿದ್ದಾರೆ, ಓದುತ್ತಿದ್ದಾರೆ. ಓದು ಮುಗಿಸಿದವರು ಹೋಗುವುದೆಲ್ಲಿಗೆ? ಗಲ್ಫಿಗೆ, ಔಷಧ ಕಂಪೆನಿಗಳಿಗೆ, ಬೆಂಗಳೂರಿನ ಕಂಪ್ಯೂಟರಿನ ಮುಂದಿನ ಕೆಲಸಗಳಿಗೆ. ಹೋದವರನ್ನು ನಾವು ದೂರುವುದಿಲ್ಲ. ಊರಿನ ಮದ್ದಿನಂಗಡಿಯಲ್ಲಿ ಅವರಿಗೆ ಸಿಗುವ ಸಂಬಳ ಕೇಳಿದವರಿಗೆ ದೂರುವ ಬಾಯಿ ಬರದು.

ಫಾರ್ಮಸಿಸ್ಟರನ್ನು ಈ ಕೆಲಸಕ್ಕೆ ಹಚ್ಚಿದರೆ ಪ್ರಯೋಜನವುಂಟೇ ಎಂಬ ಪ್ರಶ್ನೆ ನ್ಯಾಯವಾದುದು. ಸ್ವೀಡನ್ನಿನ ಉಪ್ಸಾಲಾದಲ್ಲಿ 80 ದಾಟಿದ 400 ಮಂದಿ ರೋಗಿಗಳ ಮೇಲೆ ನಡೆಸಿ 2009ರಲ್ಲಿ ಪ್ರಕಟಿಸಿದ ಪರೀಕ್ಷೆ ಇದಕ್ಕೆ ಉತ್ತರ ಕೊಡುತ್ತದೆ. ವಾರ್ಡಿನಲ್ಲೇ ಫಾರ್ಮಸಿಸ್ಟರು ಇದ್ದು, ಚೀಟಿ ಪರಿಶೀಲಿಸಿ, ರೋಗಿಗೆ ತಿಳಿಹೇಳಿ, ಮನೆಗೆ ಹೋದ ಮೇಲೆ ಫೋನಿನಲ್ಲಿ ವಿಚಾರಿಸಿದ ಗುಂಪಿನಲ್ಲಿ, ಔಷಧ ಸಂಬಂಧವಾಗಿ ಆಸ್ಪತ್ರೆಗೆ ಮರಳುವುದು ನೂರಕ್ಕೆ ಎಂಬತ್ತರಷ್ಟು ಇಳಿಯಿತು. ಅಷ್ಟರಿಂದಲೇ ಹಿಗ್ಗಬೇಕಾಗಿಲ್ಲ, ಪ್ರತಿಕೂಲವಾದ ಸಾಕ್ಷ್ಯವೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. 2005ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಇಂಗ್ಲೆಂಡಿನ ನಾರ್ಫೋಕ್, ಸಫೋಕ್ ಪ್ರಾಂತಗಳಲ್ಲಿ ಆಸ್ಪತ್ರೆ ಬಿಟ್ಟ 80 ದಾಟಿದವರ ಮನೆಗೆ ಫಾರ್ಮಸಿಸ್ಟರನ್ನು ಎರಡು ಬಾರಿ ಕಳುಹಿಸಿ ನೋಡಿದಾಗ ಆಸ್ಪತ್ರೆಗೆ ಮರಳುವವರ ಸಂಖ್ಯೆ ಇಳಿಯುವುದಿರಲಿ, ಹೆಚ್ಚೇ ಆಯಿತು! ಯಾಕೆ ಹೀಗಾಯಿತೆಂದು ಬಲ್ಲವರು ಬಹಳ ಚರ್ಚಿಸಿದರು. ತೊಂದರೆಯ ಲಕ್ಷಣ ತಿಳಿದುಕೊಂಡ ಮುದುಕರು ಬೇಗನೆ ಆಸ್ಪತ್ರೆಗೆ ಓಡಿದರೋ, ಅಥವಾ ಫಾರ್ಮಸಿಸ್ಟರ ಮಾತಿಗೂ ವೈದ್ಯರ ಮಾತಿಗೂ ಕೊಂಡಿ ತಪ್ಪಿತೋ ಎಂಬಂಥ ಊಹೆಗಳಿಗೆ ಅಲ್ಲಿ ಎಡೆಯಿದೆ.

ಈ ಗಂಟನ್ನು ತಕ್ಕಮಟ್ಟಿಗೆ ಬಿಡಿಸಿದ್ದು 2018ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪರೀಕ್ಷೆ. ಐದು ಅಥವಾ ಹೆಚ್ಚು ಬಗೆಯ ಔಷಧ ತೆಗೆದುಕೊಳ್ಳುವ ಸುಮಾರು 1,500 ರೋಗಿಗಳನ್ನು ಅಲ್ಲಿ ಮೂರು ಗುಂಪು ಮಾಡಿದರು. ಒಂದಕ್ಕೆ ಎಂದಿನ ಚಿಕಿತ್ಸೆ. ಇನ್ನೊಂದಕ್ಕೆ ಫಾರ್ಮಸಿಸ್ಟರು ಚೀಟಿ ಪರಿಶೀಲಿಸಿ ಸಲಹೆ ಬರೆದಿಟ್ಟದ್ದು ಮಾತ್ರ. ಮೂರನೆಯದಕ್ಕೆ ಚೀಟಿಯ ಪರಿಶೀಲನೆಯ ಮೇಲೆ ರೋಗಿಯ ಜತೆ ಕುಳಿತು ಮಾತುಕತೆ, ಮನೆಗೆ ಹೋದ ಬಳಿಕ ಫೋನು, ಊರಿನ ವೈದ್ಯರಿಗೂ ಮದ್ದಿನಂಗಡಿಗೂ ತಿಳಿವಳಿಕೆ. ಎರಡನೆಯ ಗುಂಪಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮೂರನೆಯದರಲ್ಲಿ ಒಂದು ತಿಂಗಳೊಳಗೆ ಆಸ್ಪತ್ರೆಗೆ ಮರಳುವುದೂ, ಆರು ತಿಂಗಳೊಳಗೆ ಮರಳುವುದೂ ಸ್ಪಷ್ಟವಾಗಿ ಇಳಿಯಿತು. ಕಾಗದದಲ್ಲಿ ಬರೆದಿಟ್ಟ ಸಲಹೆ ಕಾಗದದಲ್ಲೇ ಉಳಿಯಿತು. ಮಾತನಾಡಿದ್ದು ಮನೆ ತಲುಪಿತು. ಮಾತು ಎಂದ ಕೂಡಲೇ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ ಬರುವುದು ಸಹಜ. ನಾವು ಇಷ್ಟು ದೂರ ಬಂದದ್ದೂ ಅದನ್ನು ಕೇಳಲೆಂದೇ.

ನಮ್ಮ ಹಿರಿಯರು ನಿರಕ್ಷರಿಗಳಲ್ಲ. ಕನ್ನಡ ಶಾಲೆಗಳಲ್ಲಿ ಓದಿದವರು. ಈ ಪತ್ರಿಕೆಯನ್ನು ಮೊದಲ ಸಾಲಿನಿಂದ ಮರಣವಾರ್ತೆಯ ತನಕ ಬಿಡದೆ ಓದುವವರು. ತಾಳಮದ್ದಳೆಯಲ್ಲಿ ಅರ್ಥಧಾರಿ ಒಂದು ಪದ ತಪ್ಪಿದರೆ ಮರುದಿನ ಬೆಳಿಗ್ಗೆ ಎತ್ತಿ ಆಡುವವರು. ಮದ್ದಿನ ಪೊಟ್ಟಣದ ಮುಂದೆ ಮಾತ್ರ ಅವರು ಅನಕ್ಷರಸ್ಥರಾಗುತ್ತಾರೆ. ಪೊಟ್ಟಣದ ಮೇಲಿನದು ಇಂಗ್ಲಿಷ್. ಸರಕಾರಿ ಆಸ್ಪತ್ರೆಯ ಗೋಡೆಯ ಮೇಲಿನದು ಮಲಯಾಳ. ಕಿಟಿಕಿಯಲ್ಲಿ ಕುಳಿತವರು ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದವರಾದರೆ ಆಡುವ ಮಾತೂ ಮಲಯಾಳವೇ. ಪೇಟೆಯಲ್ಲಿ ಬೆಳೆದವರಿಗೆ ಅದು ಅರ್ಥವಾಗುತ್ತದೆ, ಸರಿ. ಆದರೆ ಪೈವಳಿಕೆಯ, ವರ್ಕಾಡಿಯ, ಎಣ್ಮಕಜೆಯ ಒಳಭಾಗಗಳಲ್ಲಿ ತುಳು ಕನ್ನಡಗಳಲ್ಲೇ ಬಾಳಿದ ಅಜ್ಜಿಗೆ ‘ರಾವಿಲೆ’ ಎಂದರೆ ಬೆಳಿಗ್ಗೆಯೆಂದು ತಿಳಿಯಬೇಕಾದರೆ ಯಾರಾದರೂ ಹೇಳಿಕೊಡಬೇಕು; ಕಿವಿಗೆ ಅದು ರಾತ್ರಿಯ ಹಾಗೆಯೇ ಕೇಳಿಸುತ್ತದೆ. ಸಕ್ಕರೆ ಇಳಿಸುವ ಗುಳಿಗೆಯನ್ನು ಬೆಳಿಗ್ಗೆ ಉಪಾಹಾರದೊಂದಿಗೆ ತೆಗೆದುಕೊಳ್ಳುವ ಬದಲು ರಾತ್ರಿ ಗಂಜಿ ಬೇಡವೆಂದು ಮಲಗುವಾಗ ನುಂಗಿದರೆ ನಡುರಾತ್ರಿಯಲ್ಲಿ ಏನಾಗಬಹುದೆಂದು ವೈದ್ಯರನ್ನು ಕೇಳಬೇಕು. ‘ಉಚ್ಚಯ್ಕ್’ ಎಂದಾಗ ನಮ್ಮ ಮಕ್ಕಳು ನಗುತ್ತಾರೆ. ನಗುವ ವಿಷಯವೇ ಹೌದು, ಗುಳಿಗೆಯ ಮಾತಲ್ಲದಿದ್ದರೆ.

ಇದು ಕಾಸರಗೋಡಿನವರೊಬ್ಬರ ಪಾಡಲ್ಲ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯತ್ತ ನೋಡೋಣ. ಗಡಹಿಂಗ್ಲಜ ತಾಲೂಕಿನ ಹಳ್ಳಿಗಳಲ್ಲೂ ಇಚಲಕರಂಜಿಯ ಮಗ್ಗಗಳ ನಡುವೆಯೂ, ಅದಕ್ಕೆ ಅಂಟಿಕೊಂಡ ಶಹಾಪುರದಂಥ ಕಡೆಯೂ, ಮನೆಯೊಳಗೆ ಕನ್ನಡ, ಬೀದಿಯಲ್ಲಿ ಮರಾಠಿ ಎಂದು ಬಾಳುವ ಕುಟುಂಬಗಳಿವೆ. ಕಾಯಿಲೆಯಾದರೆ ಅವರು ಒಮ್ಮೆ ಕೊಲ್ಹಾಪುರಕ್ಕೆ, ಒಮ್ಮೆ ಮಿರಜಿಗೆ, ಇನ್ನೊಮ್ಮೆ ಗಡಿ ದಾಟಿ ಬೆಳಗಾವಿಗೆ ಹೋಗುವವರು. 1894ರಲ್ಲಿ ವಾನ್ಲೆಸ್ ಎಂಬ ಮಿಶನರಿ ವೈದ್ಯರು ಮಿರಜಿನಲ್ಲಿ ಆಸ್ಪತ್ರೆ ತೆರೆದಂದಿನಿಂದ ಉತ್ತರ ಕರ್ನಾಟಕದ ಕನ್ನಡಿಗರಿಗೆ ಆ ಊರು ನಮಗೆ ಮಂಗಳೂರಿನ ವೆನ್ಲಾಕ್ ಇದ್ದಂತೆ. ಬೆಳಗಾವಿಯಲ್ಲಿ ಕನ್ನಡದಲ್ಲಿ ತಿಳಿಹೇಳಿಸಿಕೊಂಡು ಬಂದ ಮುದುಕ ಮುಂದಿನ ತಿಂಗಳ ಗುಳಿಗೆಯನ್ನು ಊರಿನ ಅಂಗಡಿಯಲ್ಲಿ ಮರಾಠಿಯಲ್ಲಿ ಕೇಳಿ ತೆಗೆದುಕೊಳ್ಳಬೇಕು. ನಾವು ದೇರಳಕಟ್ಟೆಯಲ್ಲಿ ಕನ್ನಡದಲ್ಲಿ ಕೇಳಿದ್ದನ್ನು ಉಪ್ಪಳದಲ್ಲೋ ಚೆರ್ಕಳದಲ್ಲೋ ಮಲಯಾಳದಲ್ಲಿ ಮುಂದುವರಿಸುವುದೂ ಇದೇ ಬಗೆ. ರಾಜ್ಯಗಳ ಗಡಿ ಎಳೆದವರು ಕಾಯಿಲೆಯವರ ದಾರಿಯನ್ನು ನೋಡಿ ಎಳೆದದ್ದಲ್ಲ.

ಆ ದಾರಿ ಮುಚ್ಚಿದರೆ ಏನಾಗುತ್ತದೆಂದು 2020ರ ಮಾರ್ಚ್ ತಿಂಗಳ ಕೊನೆಯಲ್ಲಿ ನಾವು ಕಂಡೆವು. ತಲಪಾಡಿಯಲ್ಲಿ ತಡೆ, ಒಳದಾರಿಗಳಲ್ಲಿ ಮಣ್ಣಿನ ರಾಶಿ. ಮಂಗಳೂರಿನ ವೈದ್ಯರನ್ನೇ ನಂಬಿದ್ದ ರೋಗಿಗಳು ಗಡಿಯಲ್ಲಿ ಸಿಕ್ಕಿಬಿದ್ದರು. ಸಕಾಲಕ್ಕೆ ತಲುಪಲಾರದೆ ಸತ್ತವರೂ ಇದ್ದರು. ಎಪ್ರಿಲ್ 1ರಂದು ಕೇರಳ ಹೈಕೋರ್ಟು ಮಧ್ಯೆ ಪ್ರವೇಶಿಸಬೇಕಾಯಿತು. ಆ ದಿನಗಳಲ್ಲಿ ಸುದ್ದಿಯಾದದ್ದು ಆಂಬುಲೆನ್ಸುಗಳು. ಸುದ್ದಿಯಾಗದೆ ಹೋದದ್ದು ಮಂಗಳೂರಿನಲ್ಲಿ ಬರೆದುಕೊಟ್ಟ ಗುಳಿಗೆ ಮುಗಿದು, ಅದೇ ಹೆಸರಿನದು ಇಲ್ಲಿ ಸಿಗದೆ, ಅದಕ್ಕೆ ಸಮನಾದುದು ಯಾವುದೆಂದು ಹೇಳುವವರಿಲ್ಲದೆ ಮನೆಗಳಲ್ಲಿ ಕುಳಿತ ಹಿರಿಯರು. ಒಂದೇ ಔಷಧಕ್ಕೆ ಹತ್ತು ಕಂಪೆನಿಗಳ ಹತ್ತು ಹೆಸರುಗಳು ಇರುವ ನಮ್ಮ ದೇಶದಲ್ಲಿ ಮೂಲ ಔಷಧದ ಹೆಸರು ರೋಗಿಗೆ ಗೊತ್ತಿರಬೇಕಾದುದು ಎಷ್ಟು ಅಗತ್ಯವೆಂಬುದು ಆಗಲೇ ತಿಳಿಯಿತು. ವೈದ್ಯರು ಮೂಲ ಹೆಸರಿನಲ್ಲಿ, ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕೆಂದು 2016ರಲ್ಲೇ ನಿಯಮ ತಿದ್ದಿದ್ದುಂಟು. ಚೀಟಿ ನೋಡಿದವರಿಗೆ ಆ ನಿಯಮದ ಪಾಡೂ ತಿಳಿದೇ ಇದೆ.

ಕನ್ನಡದಲ್ಲೇ ಚೀಟಿ ಬರೆದರೆ ಎಲ್ಲ ಸರಿಹೋದೀತೆಂದು ಹೇಳುವವರಿದ್ದಾರೆ. 2024ರಲ್ಲಿ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು ಕರ್ನಾಟಕದ ಸರಕಾರಿ ವೈದ್ಯರು ಕನ್ನಡದಲ್ಲಿ ಚೀಟಿ ಬರೆಯಲೆಂದು ಸೂಚಿಸಿದಾಗ ನಮ್ಮ ಕಡೆಯೂ ಅನೇಕರಿಗೆ ಸಂತೋಷವಾಯಿತು. ಭಾಷಾಭಿಮಾನದಲ್ಲಿ ನಾವು ಯಾರಿಗೂ ಹಿಂದೆ ಬಿದ್ದವರಲ್ಲ. ಆದರೂ ಈ ವಿಷಯದಲ್ಲಿ ನಮ್ಮ ಅಭಿಪ್ರಾಯ ಕೊಂಚ ಬೇರೆ. ಔಷಧದ ಹೆಸರು ಇಂಗ್ಲಿಷಿನಲ್ಲೇ ಇರಲಿ. ಅದನ್ನು ಓದಬೇಕಾದವರು ಫಾರ್ಮಸಿಸ್ಟರು, ಪೊಟ್ಟಣದ ಮೇಲಿರುವುದೂ ಅದೇ ಅಕ್ಷರ. ಲಿಪಿ ಬದಲಿಸಿ ಬರೆಯುವಾಗ ಒಂದಕ್ಷರ ಹೆಚ್ಚು ಕಡಿಮೆಯಾದರೆ ಬೇರೆ ಮದ್ದೇ ಆದೀತು. ಕಾಸರಗೋಡಿನ ಅಂಗಡಿಯಲ್ಲಂತೂ ಕನ್ನಡ ಚೀಟಿಯನ್ನು ಓದುವವರು ಎಲ್ಲ ಕಡೆ ಸಿಗಲಾರರು. ಕನ್ನಡದಲ್ಲಿ ಇರಬೇಕಾದುದು ರೋಗಿಗೆ ಹೇಳುವ ಮಾತು: ಯಾವುದಕ್ಕೆ, ಯಾವಾಗ, ಎಷ್ಟು, ಊಟಕ್ಕೆ ಮೊದಲೋ ಅನಂತರವೋ, ಎಷ್ಟು ದಿನ, ಹಳೆಯದರಲ್ಲಿ ಯಾವುದನ್ನು ನಿಲ್ಲಿಸಬೇಕು. ಈ ಕೊನೆಯದನ್ನು ಯಾರೂ ಹೇಳುವುದಿಲ್ಲ. ಹೊಸತು ಶುರುಮಾಡಲು ಹೇಳುತ್ತಾರೆ, ಹಳೆಯದರ ಗತಿಯೇನೆಂದು ಹೇಳುವುದಿಲ್ಲ. ಬಿಸ್ಕಿಟ್ ಡಬ್ಬಿ ತುಂಬುವುದು ಹೀಗೆ.

ತಿಳಿಹೇಳಬೇಕಾದುದು ಎಷ್ಟು ಸಣ್ಣ ಸಣ್ಣ ವಿಷಯಗಳೆಂದು ಒಂದೆರಡು ಉದಾಹರಣೆ ಕೊಡುತ್ತೇವೆ. ನಮ್ಮಲ್ಲಿ ಸೀಸೆಯಲ್ಲಿ ಬರುವ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟಿನದು. 100 ಯೂನಿಟಿನದೂ ಇದೆ. ಎರಡಕ್ಕೂ ಬೇರೆ ಬೇರೆ ಸಿರಿಂಜು: 40ರದಕ್ಕೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಅಂಗಡಿಯಲ್ಲಿ ಕೆಂಪು ಮುಗಿದಿದೆಯೆಂದು ಕಿತ್ತಳೆ ತಂದರೆ, ಅಥವಾ ಸೀಸೆ ಬದಲಾದಾಗ ಸಿರಿಂಜು ಬದಲಾಗದಿದ್ದರೆ, ಗೆರೆ ನೋಡಿ ಎಳೆದ ಪ್ರಮಾಣ ಎರಡೂವರೆ ಪಟ್ಟು ಹೆಚ್ಚಾದೀತು, ಇಲ್ಲವೇ ಅರ್ಧಕ್ಕಿಂತಲೂ ಕಡಿಮೆಯಾದೀತು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆ ವಾರಕ್ಕೆ ಒಂದು ದಿನ ಮಾತ್ರ ತೆಗೆದುಕೊಳ್ಳುವಂಥದ್ದು. ಅದನ್ನು ದಿನಾ ನುಂಗಿ ಪ್ರಾಣ ಕಳೆದುಕೊಂಡವರು ಪ್ರಪಂಚದಲ್ಲೆಲ್ಲ ಇದ್ದಾರೆ. ನಿಧಾನವಾಗಿ ಕರಗುವಂತೆ ಮಾಡಿದ ಗುಳಿಗೆಯನ್ನು ಗಂಟಲಲ್ಲಿ ಇಳಿಯದೆಂದು ಪುಡಿಮಾಡಿ ಜೇನಿನಲ್ಲಿ ಕೊಡುವ ಸೊಸೆಗೆ ಅದು ಅಪಾಯವೆಂದು ಗೊತ್ತಿರುವುದಿಲ್ಲ. ಅವಳು ಕೊಡುವುದು ಪ್ರೀತಿಯಿಂದಲೇ. ರಕ್ತದೊತ್ತಡದ ಒಂದು ಬಗೆಯ ಗುಳಿಗೆಯಿಂದ ಕಾಲು ಊದಿಕೊಂಡರೆ, ಊತಕ್ಕೆಂದು ಇನ್ನೊಂದು ವೈದ್ಯರಲ್ಲಿ ಮೂತ್ರದ ಗುಳಿಗೆ. ಅದರಿಂದ ಸುಸ್ತಾದರೆ ಮೂರನೆಯವರಲ್ಲಿ ಶಕ್ತಿಯ ಗುಳಿಗೆ. ಮದ್ದಿಗೆ ಮದ್ದು, ಅದಕ್ಕೆ ಮತ್ತೊಂದು ಮದ್ದು. ನಮ್ಮ ಮನೆಗಳಲ್ಲಿ ಕಷಾಯ, ಹಾಗಲಕಾಯಿಯ ರಸ, ಮೆಂತೆಯ ನೀರು ಕೂಡ ಜತೆಗಿರುತ್ತವೆ. ಅವನ್ನು ನಾವು ಹಳಿಯುವುದಿಲ್ಲ. ಕೇಳಿದವರಿಗೆ ಮುಚ್ಚಿಡದೆ ಹೇಳಬೇಕೆಂಬುದಷ್ಟೇ ನಮ್ಮ ಮಾತು. ಏಕಾದಶಿಯ ಉಪವಾಸದ ದಿನ, ರಂಜಾನಿನ ವ್ರತದ ತಿಂಗಳು ಸಕ್ಕರೆಯ ಗುಳಿಗೆಯನ್ನು ಏನು ಮಾಡಬೇಕೆಂಬುದನ್ನೂ ಕೇಳಿ ತಿಳಿಯಬೇಕಾದುದೇ.

ಸರಕಾರದಿಂದ ಆಗಬೇಕಾದುದು ಬಹಳ ದೊಡ್ಡದೇನಲ್ಲ. 2011ರ ಜನಗಣತಿಯಂತೆ ಕೇರಳದ ಜನಸಂಖ್ಯೆಯಲ್ಲಿ 60 ದಾಟಿದವರು ನೂರಕ್ಕೆ 12.6, ಇಡೀ ದೇಶದಲ್ಲಿ 8.6. ಹಿರಿಯರ ಬಗ್ಗೆ ಈ ರಾಜ್ಯ ಕಣ್ಣುಮುಚ್ಚಿ ಕುಳಿತಿದೆಯೆಂದು ನಾವು ಹೇಳಲಾರೆವು. 2008ರಲ್ಲಿ ಸಾಂತ್ವನ ಚಿಕಿತ್ಸೆಗೆ ನೀತಿಯನ್ನು ರೂಪಿಸಿದ ಮೊದಲ ರಾಜ್ಯ ಇದು. ಪಂಚಾಯತು ಮಟ್ಟದಲ್ಲಿ ದಾದಿಯರು ಹಾಸಿಗೆ ಹಿಡಿದವರ ಮನೆಗೆ ಹೋಗುತ್ತಾರೆ. ನಗರಸಭೆಗಳಲ್ಲಿ ವಯೋಮಿತ್ರಂ ಯೋಜನೆಯಡಿ 65 ದಾಟಿದವರಿಗೆ ಉಚಿತ ಮದ್ದು ದೊರೆಯುತ್ತದೆ. ಈ ಏರ್ಪಾಡುಗಳಿಗೆ ಫಾರ್ಮಸಿಸ್ಟರ ಒಂದು ಕೊಂಡಿ ಸೇರಿಸಿದರೆ ಸಾಕು. ಜನರಲ್ ಆಸ್ಪತ್ರೆಯಲ್ಲೂ ತಾಲೂಕು ಆಸ್ಪತ್ರೆಗಳಲ್ಲೂ ಬಿಡುಗಡೆಯಾಗುವ ಹಿರಿಯರಿಗಾಗಿ, ಮದ್ದು ವಿತರಿಸುವ ಕಿಟಿಕಿಯಿಂದ ಬೇರೆಯಾಗಿ, ಕುಳಿತು ಮಾತನಾಡಲು ಒಂದು ಮೇಜು, ಎರಡು ಕುರ್ಚಿ ಇರಬೇಕು. ಅಲ್ಲಿರುವವರಿಗೆ ಕನ್ನಡ ಬರಬೇಕು. ಸೂರ್ಯ ಚಂದ್ರರ ಚಿತ್ರದೊಂದಿಗೆ ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚುಹಾಕಿದ ಒಂದು ಚೀಟಿಯನ್ನು ಪೊಟ್ಟಣಕ್ಕೆ ಅಂಟಿಸಲು ಎಷ್ಟು ಕಾಸು ಬೇಕು? ಮನೆಗೆ ಹೋದ ಮೂರನೆಯ ದಿನ ಒಂದು ಫೋನು, ಎರಡನೆಯ ವಾರ ಮತ್ತೊಂದು.

ಈ ಕೆಲಸವನ್ನು ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಿದರಾಯಿತು ಎಂದು ಯಾರಾದರೂ ಹೇಳಿಯಾರು. ಗೌರವಧನ ಹೆಚ್ಚಿಸಿರೆಂದು 2025ರ ಫೆಬ್ರವರಿಯಿಂದ ತಿಂಗಳುಗಟ್ಟಲೆ ಸೆಕ್ರೆಟೇರಿಯೆಟಿನ ಮುಂದೆ ಬಿಸಿಲು ಮಳೆಯಲ್ಲಿ ಕುಳಿತ ಆ ಹೆಂಗಸರ ಮೇಲೆ ಇನ್ನೊಂದು ಹೊರೆ ಹೇರುವ ಮುನ್ನ ನಾಲ್ಕು ಬಾರಿ ಯೋಚಿಸಬೇಕು. ಔಷಧದ ವಿದ್ಯೆ ಕಲಿತವರು ಮಾಡಬೇಕಾದ ಕೆಲಸವಿದು.

ಕನ್ನಡ ಬಲ್ಲ ಸಿಬ್ಬಂದಿಯ ಬೇಡಿಕೆ ನಮ್ಮ ಹಳೆಯ ರಗಳೆಯೆಂದು ತಿರುವನಂತಪುರದಲ್ಲಿ ಕೆಲವರು ಮೂಗುಮುರಿಯುವುದುಂಟು. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೊಟ್ಟಿದೆ. ಭೂಮಿಯ ಅರ್ಜಿಗೆ ಕನ್ನಡ ಸಲ್ಲುವುದಾದರೆ ಜೀವದ ಗುಳಿಗೆಗೆ ಸಲ್ಲಬಾರದೇ? ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 2018ರಲ್ಲಿ ಮುಂದಿಟ್ಟ ರೋಗಿಗಳ ಹಕ್ಕುಗಳ ಸನ್ನದಿನಲ್ಲಿಯೂ ರೋಗಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂಬ ಮಾತಿದೆ. ಉಕ್ಕಿನಡ್ಕದಲ್ಲಿ ವೈದ್ಯಕೀಯ ಕಾಲೇಜಿಗೆ 2013ರ ನವೆಂಬರಿನಲ್ಲಿ ಕಲ್ಲು ಹಾಕಿದ ದಿನದಿಂದ ನಾವು ಕಾದದ್ದು ಎಷ್ಟೆಂದು ಎಲ್ಲರಿಗೂ ಗೊತ್ತು. ಕನ್ನಡ ತುಳು ಜನರ ನಡುವೆಯೇ ಇರುವ ಆ ಸಂಸ್ಥೆಯಲ್ಲಿ ಈ ಮೇಜು ಕುರ್ಚಿಯ ಏರ್ಪಾಡು ಮೊದಲಾಗಲಿ ಎಂದು ಜಿಲ್ಲೆಯ ಶಾಸಕರನ್ನೂ ಆರೋಗ್ಯ ಇಲಾಖೆಯನ್ನೂ ನಾವು ಒತ್ತಾಯಿಸುತ್ತೇವೆ. ಗಡಿಯಾಚೆಯ ಖಾಸಗಿ ಆಸ್ಪತ್ರೆಗಳಲ್ಲಿ ಕಲಿಯುವ ಫಾರ್ಮಸಿ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. ಕಾಸರಗೋಡಿನ ರೋಗಿಗಳಿಂದ ಸಾಕಷ್ಟು ಆದಾಯ ಪಡೆಯುವ ಆ ಸಂಸ್ಥೆಗಳು ಬಿಡುಗಡೆಯ ಕಾಗದಕ್ಕೆ ಕನ್ನಡದ ಒಂದು ಪುಟ ಸೇರಿಸುವುದು ಉಪಕಾರವೇನೂ ಆಗಲಾರದು.

ಮದ್ದಿನಂಗಡಿಯವರಿಗೂ ಎರಡು ಮಾತು. ಗೋಡೆಯಲ್ಲಿ ಒಬ್ಬರ ಪ್ರಮಾಣಪತ್ರ, ಕಿಟಿಕಿಯಲ್ಲಿ ಹತ್ತನೆಯ ತರಗತಿಯ ಹುಡುಗ ಎಂಬ ಪದ್ಧತಿ ಇಲ್ಲವೇ ಇಲ್ಲವೆಂದು ಎದೆಮುಟ್ಟಿ ಹೇಳುವವರು ಯಾರು? ಚೀಟಿಯಿಲ್ಲದೆ ನೋವಿನ ಗುಳಿಗೆಯನ್ನು ಮುದುಕರ ಕೈಗೆ ಕೊಡುವ ಮುನ್ನ ‘ರಕ್ತದೊತ್ತಡಕ್ಕೆ, ಮೂತ್ರಪಿಂಡಕ್ಕೆ ಏನಾದರೂ ಮದ್ದು ನಡೆಯುತ್ತಿದೆಯೇ’ ಎಂಬ ಒಂದು ಪ್ರಶ್ನೆಗೆ ಅರ್ಧ ನಿಮಿಷ ಸಾಕು. ಇದನ್ನು ತಪ್ಪದೆ ಕೇಳುವ, ಗಿರಾಕಿ ಬೈದರೂ ಚೀಟಿಯಿಲ್ಲದೆ ಕೊಡೆನೆನ್ನುವ ಹಳೆಯ ಫಾರ್ಮಸಿಸ್ಟರು ನಮ್ಮ ಪೇಟೆಗಳಲ್ಲಿ ಇದ್ದಾರೆ. ಅವರ ಅಂಗಡಿಯಲ್ಲಿ ಜನ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತದೆಂಬ ಆಕ್ಷೇಪವನ್ನೂ ಕೇಳಿದ್ದೇವೆ. ನಿಲ್ಲಲಿ.

ಇನ್ನು ಮನೆಯವರು. ಸರಕಾರದ ಮೇಜು ಬರುವ ತನಕ ಕಾಯಬೇಕಾಗಿಲ್ಲ. ಹಿರಿಯರನ್ನು ವೈದ್ಯರಲ್ಲಿಗೆ ಕರೆದೊಯ್ಯುವಾಗ ಮನೆಯಲ್ಲಿರುವ ಎಲ್ಲ ಗುಳಿಗೆಗಳನ್ನೂ, ಕಷಾಯದ ಸೀಸೆಯನ್ನೂ ಸೇರಿಸಿ ಒಂದೇ ಚೀಲದಲ್ಲಿ ಕೊಂಡೊಯ್ದು ಮೇಜಿನ ಮೇಲೆ ಸುರಿಯಿರಿ, ಸಂಕೋಚ ಬೇಡ. ಯಾವುದನ್ನು ಮುಂದುವರಿಸಬೇಕು, ಯಾವುದನ್ನು ಬಿಡಬೇಕು ಎಂದು ಕೇಳಿ. ಬಿಡಬೇಕಾದುದನ್ನು ಆ ದಿನವೇ ಡಬ್ಬಿಯಿಂದ ತೆಗೆಯಿರಿ. ನಿಮಗೆ ನೀವೇ ಯಾವುದನ್ನೂ ನಿಲ್ಲಿಸಬೇಡಿ. ಕೆಲವು ಗುಳಿಗೆಗಳನ್ನು ಹಠಾತ್ತಾಗಿ ಬಿಡುವುದೂ ಅಪಾಯವೇ. ಸಾಧ್ಯವಾದಷ್ಟು ಒಂದೇ ಅಂಗಡಿಯಲ್ಲಿ ಮದ್ದು ಕೊಳ್ಳಿ. ಜನೌಷಧಿ ಅಂಗಡಿಯಿಂದ ತಂದಾಗ ಹಳೆಯ ಪೊಟ್ಟಣವನ್ನೂ ತೋರಿಸಿ, ಇದು ಅದೇ ಮದ್ದೇ ಅಲ್ಲವೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಯಾವುದೇ ಮದ್ದಿನಿಂದ ತೊಂದರೆ ಕಂಡುಬಂದರೆ ಮೊದಲು ವೈದ್ಯರಿಗೆ ತಿಳಿಸಿ. ಔಷಧ ದುಷ್ಪರಿಣಾಮಗಳನ್ನು ದಾಖಲಿಸುವ ರಾಷ್ಟ್ರೀಯ ಯೋಜನೆಗೂ 1800-180-3024 ಎಂಬ ಉಚಿತ ಫೋನ್ ಸಂಖ್ಯೆಯಲ್ಲಿ ರೋಗಿಗಳೇ ವರದಿ ಮಾಡಬಹುದು. ಊರಿನ ಗ್ರಂಥಾಲಯಗಳು, ಯುವಕ ಸಂಘಗಳು ತಿಂಗಳಿಗೊಂದು ಆದಿತ್ಯವಾರ ನಮ್ಮ ಜಿಲ್ಲೆಯದೇ ಫಾರ್ಮಸಿ ವಿದ್ಯಾರ್ಥಿಗಳನ್ನು ಕರೆಸಿ, ಹಿರಿಯರು ತಮ್ಮ ಡಬ್ಬಿಗಳೊಂದಿಗೆ ಬಂದು ಕೇಳುವಂತೆ ಏರ್ಪಡಿಸಬಹುದು. ಯಕ್ಷಗಾನಕ್ಕೆ ಚಪ್ಪರ ಹಾಕುವ ಸಂಘಗಳಿಗೆ ನಾಲ್ಕು ಬೆಂಚು ಹಾಕುವುದು ಕಷ್ಟವಾಗಲಾರದು.

ಮುಂದಿನ ಆದಿತ್ಯವಾರದ ಸಂಚಿಕೆಯ ಕೊನೆಯ ಪುಟದಲ್ಲಿ ಕನ್ನಡದಲ್ಲಿ ಮದ್ದಿನ ಪಟ್ಟಿಯ ನಮೂನೆಯೊಂದನ್ನು ಮುದ್ರಿಸಲಿದ್ದೇವೆ. ಮೂಲ ಔಷಧದ ಹೆಸರಿಗೆ ಒಂದು ಅಂಕಣ, ಯಾವುದಕ್ಕೆ ಎಂಬುದಕ್ಕೆ ಒಂದು, ಬೆಳಿಗ್ಗೆ ಮಧ್ಯಾಹ್ನ ರಾತ್ರಿಗೆ ಮೂರು, ನಿಲ್ಲಿಸಿದ ದಿನಾಂಕಕ್ಕೆ ಒಂದು. ಅದನ್ನು ಕತ್ತರಿಸಿ, ಹತ್ತಿರದ ಫಾರ್ಮಸಿಸ್ಟರಿಂದ ತುಂಬಿಸಿ, ಡಬ್ಬಿಯ ಮುಚ್ಚಳದ ಒಳಗೆ ಅಂಟಿಸಿಡಬಹುದು. ಹೆಚ್ಚಿನ ಪ್ರತಿಗಳು ಬೇಕಾದ ಸಂಘ ಸಂಸ್ಥೆಗಳು ಕಾರ್ಯಾಲಯಕ್ಕೆ ಕಾರ್ಡು ಬರೆದರೆ ಉಚಿತವಾಗಿ ಕಳುಹಿಸುತ್ತೇವೆ.